ಸೋಮವಾರದ ಕಾವಲು, ಶನಿವಾರದ ಕಾವಲು

ಹೆಬ್ಬಾಳದ ಬೆಟ್ಟಮ್ಮನ ಮೆಸ್ಸಿನಲ್ಲಿ ಮಟನ್ ಸಾರು ಕುದಿಯುವಾಗ, ಫ್ಯಾಕ್ಟರಿ ಪಾಳಿ ಮುಗಿಸಿ ಪಕ್ಕದ ಹೂಟಗಳ್ಳಿಯಲ್ಲಿ ಮಲಗಿದವರು ಕಣ್ಣು ಮುಚ್ಚಿಕೊಂಡೇ ನಡೆದು ಬಂದು ಎಲೆ ಮುಂದೆ ಕೂರುತ್ತಾರೆ. ಸುಳ್ಳಾದರೆ ನನ್ನ ಆಟೋದ ಮೂರೂ ಟೈರು ಒಟ್ಟಿಗೆ ಒಡೆಯಲಿ. ಆ ಮೆಸ್ಸಿನ ಊಟವನ್ನು ಫ್ಯಾಕ್ಟರಿಗಳಿಗೆ ಮುಟ್ಟಿಸುವವನು ನಾನೇ, ಸಣ್ಣಮಾದಯ್ಯ.

ಆದರೆ ಸೋಮವಾರ, ಶನಿವಾರ ಅಲ್ಲಿ ಬಾಡೂಟ ಇಲ್ಲ. ಅವತ್ತು ದೇವರ ವಾರವೆಂದು ಬಾಡು ಮುಟ್ಟದವರೇ ಹೆಚ್ಚು. ಒಂದು ಫ್ಯಾಕ್ಟರಿಯ ಕ್ಯಾಂಟೀನ್ ಆಫೀಸರ್ ನಾಗೇಂದ್ರ, ದಿನಾ ಇನ್ನೂರು ಜನರ ಊಟ ಬೆಟ್ಟಮ್ಮನಿಂದ ತರಿಸಲು ಒಪ್ಪಿದ್ದೇ ಆ ಷರತ್ತಿನ ಮೇಲೆ. "ಆ ಎರಡು ದಿನ ಬಾಡಿನ ಹೆಸರೂ ಕಾಣ್ಬಾರ್ದು. ಕಂಡ್ರೆ ಕಾಂಟ್ರಾಕ್ಟ್ ಇಲ್ಲ" ಎಂದಿದ್ದ. ಹಿಂದಿನ ಮೆಸ್ಸಿನವರನ್ನು ಸೋಮವಾರದ ಸಾರಿನಲ್ಲಿ ಒಂದೇ ಒಂದು ಮೂಳೆ ಸಿಕ್ಕಿದ್ದಕ್ಕೆ ಓಡಿಸಿದ್ದ. ಈ ಸೋಮವಾರ ಹನ್ನೊಂದಕ್ಕೆ ಸಹಿ ಹಾಕಲು ಬರುವವನಿದ್ದ. ಬೆಟ್ಟಮ್ಮ ಆಗಲೇ ಹೊಸ ಹಂಡೆ ತಂದಿಟ್ಟಿದ್ದಳು. ಅದರೊಳಗೆ ನನ್ನ ಆಟೋ ತಿರುಗಿಸಬಹುದಿತ್ತು.

ಫೋನಿನಲ್ಲೇ ಊಟ ಆರ್ಡರ್ ಮಾಡುವ ಹೊಸ ಪುಟ ಮಾಡಿದವಳು ಬೆಟ್ಟಮ್ಮನ ಮಗಳು ಸಂಘಮಿತ್ರ. ಅದಕ್ಕೆಂದೇ ಇಂಥ ಪುಟಗಳಿಗೆ ಅಪ್ಪಣೆ ಬರೆಯುವ ಜಾವಾಸ್ಕ್ರಿಪ್ಟ್ ಭಾಷೆ ಕಲಿತಿದ್ದಳು. ಪುಟ ಮೊದಲ ಸಲ ತೆರೆದದ್ದು ಆ ಸೋಮವಾರವೇ; ಬೆಳಿಗ್ಗೆ ಹತ್ತಕ್ಕೆ ಆರ್ಡರ್ ಪಟ್ಟಿ ನೋಡಿ ಕಿರುಚಿದಳು.

"ಅವ್ವಾ! ಅರವತ್ಮೂರು ಜನ ಮಟನ್ ಒತ್ತವ್ರೆ!"

"ಫೋನಲ್ಲಿ ಒತ್ತುದ್ರೆ ಯಾವ ದೇವ್ರು ನೋಡ್ತಾನೆ ಬುಡು" ಎಂದಳು ಅಡಿಗೆಯ ಮಂಚಮ್ಮ.

"ಸೋಮವಾರ ನಿನ್ ಪುಟ ಮಟನ್ ಯಾಕೆ ತೋರುಸ್ತು?" ಬೆಟ್ಟಮ್ಮ ಸೌಟು ಹಿಡಿದೇ ಬಂದಳು.

"ಸರಿಯಾಗೇ ಬರ್ದಿದೀನಿ ಕಣವ್ವ. ಇವತ್ತು ಸೋಮವಾರ ಅಲ್ದಿದ್ರೆ, ಅಥವಾ ಶನಿವಾರ ಅಲ್ದಿದ್ರೆ, ಮಟನ್ ತೋರ್ಸು ಅಂತ."

ಕೇಳಲು ಸರಿಯಾಗಿಯೇ ಇತ್ತು. ನಾನು ತಲೆದೂಗಿದೆ. ಬೆಟ್ಟಮ್ಮ ತಲೆದೂಗಲಿಲ್ಲ. ಬಾಗಿಲಿಗೆ ಎರಡು ಸ್ಟೂಲ್ ಹಾಕಿ ನನ್ನನ್ನೂ ಮಂಚಮ್ಮನನ್ನೂ ಕೂರಿಸಿದಳು.

"ಮಾದಣ್ಣ, ನೀನು ಸೋಮವಾರದ ಕಾವಲು. ಸೋಮವಾರ ಆದ್ರೆ ಬುಡಬೇಡ. ಮಂಚಕ್ಕ, ನೀನು ಶನಿವಾರದ ಕಾವಲು. ನಾನು ಮಟನ್."

ಖಾಲಿ ತಪ್ಪಲೆ ಸೊಂಟಕ್ಕಿಟ್ಟುಕೊಂಡು ಬಂದಳು.

"ಇವತ್ತು ಸೋಮವಾರ, ನಡಿ ಆಚೆಗೆ" ಎಂದೆ.

"ಶನಿವಾರ ಅಂತೂ ಅಲ್ಲ, ಬಾರವ್ವ ಒಳಕ್ಕೆ" ಎಂದಳು ಮಂಚಮ್ಮ.

ಬೆಟ್ಟಮ್ಮ ಜಂಬದಿಂದ ಒಳಗೆ ಬಂದಳು. "ನೋಡ್ದಾ? ಶನಿವಾರ ಮಂಚಕ್ಕ ತಡುದ್ರೆ ಮಾದಣ್ಣ ಬುಡ್ತಾನೆ. ಇಬ್ರಲ್ಲಿ ಒಬ್ರು ಬುಟ್ರೂ ಸಾಕು ಅಂತ ಬರ್ದಿದೀಯ ಕಣೇ. ಇಬ್ರೂ ಬುಟ್ರೇನೇ ಒಳಕ್ಕೆ ಅಂತ ಬರಿ!"

ಸಂಘಮಿತ್ರ 'ಅಥವಾ' ಎನ್ನಲು ಹಾಕಿದ್ದ ಎರಡು ನೆಟ್ಟನೆಯ ಗೀಟು ಅಳಿಸಿ, 'ಮತ್ತು' ಎನ್ನುವ ಜಿಲೇಬಿಯಂಥ ಗುರುತನ್ನು ಎರಡು ಸಲ ಒತ್ತಿದಳು. ಪುಟದಿಂದ ಮಟನ್ ಮಾಯವಾಯಿತು. ಮುದ್ದೆ, ಹುರುಳಿ ಸಾರು ಮಾತ್ರ ಉಳಿಯಿತು. ಪಕ್ಕದ ಮಟನ್ ಅಂಗಡಿಯ ಕುರಿ ನಿಟ್ಟುಸಿರು ಬಿಟ್ಟಿದ್ದನ್ನು ನಾನೇ ಕೇಳಿದೆ.

ಹನ್ನೊಂದಕ್ಕೆ ನಾಗೇಂದ್ರ ಬಂದ. "ಬೆಳಿಗ್ಗೆ ಮಟನ್ ತೋರುಸ್ತಿತ್ತಂತೆ? ಕಾಂಟ್ರಾಕ್ಟ್ ಮರ್ತ್ಬುಡಿ."

"ತಪ್ಪಾಯ್ತು ಸಾರ್, ಸರಿ ಮಾಡ್ಬುಟ್ಟಿದೀವಿ" ಎಂದಳು ಬೆಟ್ಟಮ್ಮ.

"ಮಾತು ಅಂದ್ರೆ ಮಾತು ಕಣಮ್ಮ."

ಬೆಟ್ಟಮ್ಮ ಹಂಡೆಯ ಕಡೆ ನೋಡಿದಳು. ಅಷ್ಟರಲ್ಲಿ ಮಟನ್ ಆರ್ಡರ್‌ಗಳ ಪಟ್ಟಿ ಅಳಿಸುತ್ತಿದ್ದ ಸಂಘಮಿತ್ರ ಕೈ ನಿಲ್ಲಿಸಿದಳು.

"ಅವ್ವಾ, ಮೊದಲ್ನೇ ಆರ್ಡರ್ ಕೇಳು. ನಾಗೇಂದ್ರ, ಕ್ಯಾಂಟೀನ್ ಆಫೀಸು. ಮಟನ್ ಎರಡು ಪ್ಲೇಟು. ಕೆಳಗೆ ಬರ್ದವ್ರೆ, ಮೂಳೆ ಜಾಸ್ತಿ ಇರ್ಲಿ ಅಂತ."

"ಅದು... ಟೆಸ್ಟ್ ಮಾಡಕ್ಕೆ ಒತ್ತಿದ್ದು."

"ಟೆಸ್ಟಿಗೆ ಎರಡು ಪ್ಲೇಟ್ ಬೇಕಾ ಸಾರ್?" ಎಂದಳು ಮಂಚಮ್ಮ.

"ಮೊದ್ಲು ಅದನ್ನ ಅಳುಸಮ್ಮ!"

ಬೆಟ್ಟಮ್ಮ ಕಾಂಟ್ರಾಕ್ಟ್ ಕಾಗದ ಮುಂದಿಟ್ಟಳು. "ಸೈನ್ ಹಾಕುದ್ರೆ ಅಳುಸ್ತೀವಿ ಸಾರ್. ಇಲ್ದಿದ್ರೆ ಈ ಆರ್ಡರ್ನ ಪ್ರಿಂಟ್ ಮಾಡ್ಸಿ ನಿಮ್ ಕ್ಯಾಂಟೀನ್ ಬಾಗ್ಲಿಗೆ ಅಂಟುಸ್ತೀವಿ."

ನಾಗೇಂದ್ರ ಎಷ್ಟು ಜೋರಾಗಿ ಸಹಿ ಒತ್ತಿದನೆಂದರೆ ಕಾಗದ ದಾಟಿ ಮೇಜಿನ ಮೇಲೂ ಅವನ ಹೆಸರು ಮೂಡಿತು.

ಮಾರನೆಯ ದಿನ ಇನ್ನೂರು ಊಟ ಸಾಗಿಸಿದೆ. ನಾಗೇಂದ್ರನಿಗೆಂದು ಮಂಚಮ್ಮ ಬೇರೆಯಾಗಿ ಎರಡು ಡಬ್ಬಿ ಕಟ್ಟಿದ್ದಳು. ಎರಡರಲ್ಲೂ ಬರೀ ಮೂಳೆ.