ಹಸಿದ ಬಾಟ್ಲಿಗಳು

ಇದು ನಡೆದದ್ದೇ. ಒಂದಕ್ಷರ ಸುಳ್ಳಿದ್ರೆ ಈ ನಾಲಿಗೆ ಇಲ್ಲೇ ಬಿದ್ದೋಗ್ಲಿ. ಬಾಟ್ಲಿ ತೊಳೆಯೋ ಅಜ್ಜ ಮಂಡಿನೋವಂತ ಎಂಟು ದಿನ ಮಲಗಿ, ಒಂಬತ್ತನೇ ದಿನ ಕುಂಟ್ಕೊಂಡು ಲ್ಯಾಬಿಗೆ ಬಂದ್ರೆ, ಮೇಡಂ ಉಸಿರಳೆಯೋ ಮೀಟರಿನ ಹೊಟ್ಟೆ ಬಿಚ್ಚಿ ಹರಡ್ಕೊಂಡು ಕೂತಿದ್ರು.

ಮೇಡಂ ಕೆಲಸ ಏನಪ್ಪಾ ಅಂದ್ರೆ, ಸಮುದ್ರದ ನೀರಲ್ಲಿರೋ ಬ್ಯಾಕ್ಟೀರಿಯಾ ಎಷ್ಟು ಉಸಿರಾಡ್ತವೆ ಅಂತ ಲೆಕ್ಕ ಹಾಕೋದು. ಒಂದು ಸಾಸಿವೆ ಕಾಳಿನ ಮೇಲೆ ಊರಿಗೂರೇ ಕೂತು ಹರಟೆ ಹೊಡೆಯುವಷ್ಟು ಸಣ್ಣ ಜೀವ. ಲ್ಯಾಬಿನ ಬಾಟ್ಲೀಲಾದ್ರೆ ಮೀಟರ್ ಇಳಿಸಬಹುದು, ಆಳದ ಕಡಲಲ್ಲಿ ಅದರ ಮೂಗಿಗೆ ಬೆರಳು ಹಿಡಿಯೋಕಾಗುತ್ತಾ? ಅದಕ್ಕೇ ಅದರ ಒಳಗಿರೋ ಎಂಜೈಮ್ ಅಳೀತಿದ್ರು. ಉಸಿರಾಟ ನಡೆಸೋ ಯಂತ್ರ ಅಂತಿಟ್ಕೊಳ್ಳಿ. ಯಂತ್ರ ಇಷ್ಟಿದ್ರೆ ಉಸಿರು ಇಷ್ಟು. ಸರೀನಾ ಅಂತ ಬಾಟ್ಲೀಲಿ ಸಾಕಿ, ಊಟ ಕೊಟ್ಟು ನೋಡಿದ್ರು, ಎರಡು ವಾರ ಉಪವಾಸ ಕೆಡವಿ ನೋಡಿದ್ರು. ಏಳು ವರ್ಷ ಲೆಕ್ಕ ಕೂದಲೆಳೆಯಷ್ಟೂ ತಪ್ಪಲಿಲ್ಲ. ಅದೇ ಲೆಕ್ಕದಲ್ಲಿ ಆಳದ ಕಡಲಿಗೆಲ್ಲಾ ಪಟ್ಟಿ ಕಟ್ಟಿ ಪುಸ್ತಕ ಅಚ್ಚಿಗೆ ಕಳಿಸಿದ್ರು. ಪುಸ್ತಕ ಬಂದ್ರೆ ಕೆಲಸ ಕಾಯಂ, ಇಲ್ದಿದ್ರೆ ತಿಂಗಳ ಕೊನೆಗೆ ಗಂಟುಮೂಟೆ.

ಈಗ ನೋಡಿದ್ರೆ, ಉಪವಾಸದ ಬಾಟ್ಲಿಗಳಲ್ಲಿ ಯಂತ್ರ ಇದ್ದಷ್ಟೇ ಇದೆ, ಉಸಿರು ಬತ್ತಿಹೋಗಿದೆ. ಮೀಟರೇ ಕೆಟ್ಟಿರಬೇಕು, ಕೆಟ್ಟಿದ್ದರಲ್ಲಿ ಇದು ಮೂರನೇದು, ಹೊಸದು ತರಿಸಿದ್ರೆ ಸರಿಹೋಗುತ್ತೆ ಅಂತ ಮೇಡಂ ನಗ್ತಾ ಬೇರೆ ಹೇಳಿದ್ರು.

ಕಾರಣ ಅಜ್ಜನಿಗೆ ಗೊತ್ತಿತ್ತು. ಸುಮ್ನಿದ್ದು ನಾಳೆಯಿಂದ ಮತ್ತೆ ಕೈಯಾಡಿಸಿದ್ರೆ ಎಲ್ಲಾ ಮೊದಲಿನಂಗೆ. ಒಂದು ನರಪಿಳ್ಳೆಗೂ ಗೊತ್ತಾಗಲ್ಲ. ಒರೆಸೋ ಬಟ್ಟೇನ ನಾಲ್ಕು ಸಲ ಮಡಚಿದ, ನಾಲ್ಕು ಸಲ ಬಿಚ್ಚಿದ.

"ತಾಯಿ, ಮೀಟರ್ ಸರಿಗಿದೆ. ದಿನಾ ಬೆಳಗ್ಗೆ ಕಪಾಟು ಒರೆಸುವಾಗ ಉಪವಾಸದವಕ್ಕೆ ಒಂದೊಂದು ತೊಟ್ಟು ಊಟ ಹಾಕ್ತಿದ್ದೆ. ಪಾಪ ಅನ್ನಿಸ್ತು."

"ಯಾವಾಗಿಂದ ಅಜ್ಜ?"

"ನೀವು ಬಂದಾಗಿಂದ್ಲೂ."

ಬೈದಿದ್ರೆ ಚೆನ್ನಾಗಿತ್ತು. ಮೇಡಂ ಬೈಲಿಲ್ಲ. ಸ್ಕ್ರೂಗಳನ್ನ ಒಂದೊಂದಾಗಿ ಮೀಟರಿಗೆ ವಾಪಸ್ ಹಾಕಿದ್ರು.

"ಆಳದ ಕಡಲಲ್ಲಿರೋವೆಲ್ಲ ಹಸಿದವೇ, ಅಜ್ಜ," ಅಂದ್ರು. "ಅವಕ್ಕೆ ತೊಟ್ಟು ಹಾಕೋರು ಯಾರಿದ್ದಾರೆ?"

ಆಮೇಲೆ ಫೋನ್ ಮಾಡಿ, ಕಡಲಿನ ಪಟ್ಟಿ ತಪ್ಪಿದೆ, ಪುಸ್ತಕದ ಅಚ್ಚು ನಿಲ್ಲಿಸಿ ಅಂದ್ರು. ಗೋಡೆ ಮೇಲಿದ್ದ, ಏಳು ವರ್ಷದ ನೆಟ್ಟನೆ ಗೆರೆ ಎಳೆದಿದ್ದ ನಕ್ಷೆ ಕಿತ್ತರು. ನಾಲ್ಕು ಮೂಲೆಯ ಟೇಪು ಗೋಡೇಲೇ ಉಳೀತು. ಅಜ್ಜ ನೂರಾ ನಲವತ್ತು ಬಾಟ್ಲಿ ಸಿಂಕಿಗಿಳಿಸಿ, ಅವುಗಳ ಮೇಲಿದ್ದ ತಾರೀಖಿನ ಚೀಟಿ ನೆನೆಹಾಕಿ ಉಜ್ಜತೊಡಗಿದ.

ಅವನು ಬಾಯಿ ಮುಚ್ಕೊಂಡಿದ್ರೆ ಚೆನ್ನಾಗಿತ್ತು ಅನ್ನೋರು ಕೈ ಎತ್ತಿ. ಎತ್ತಿದ್ರಾ? ಇಳಿಸ್ಬೇಡಿ. ಅದೇ ಕೈಲಿ ಬಂದು ಬಾಟ್ಲಿ ತೊಳೀರಿ, ಇನ್ನೂ ಅರ್ಧ ಬಾಕಿ ಇವೆ.