ಉಸಿರಾಡಿದ ಹೆಣ

ದೊಡ್ಡಬಸಪ್ಪ ಹೆಣದ ಮೂಗಿಗೆ ಬೆರಳು ಹಿಡಿದದ್ದೇ ತಡ, ಚನ್ನವೀರಮ್ಮ ಅವನ ಕೈಯನ್ನು ಬಡಿದು ಸರಿಸಿದಳು.

“ಸುಮ್ನ ನೋಡಿದ್ನವ್ವ. ಇವನ್ನ ನಂಬಾಕಾಗಲ್ಲ,” ಅಂದ ಆ ಪುಣ್ಯಾತ್ಮ. ಅಂಗಳದಲ್ಲಿ ಕೂತಿದ್ದ ಗಂಡಸರು ಟವೆಲ್ಲು ಬಾಯಿಗೊತ್ತಿಕೊಂಡು ನಕ್ಕರು.

ಅವಳ ಗಂಡ ಗವಿಸಿದ್ದಪ್ಪನನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಹಾರ. ಕುರುಗೋಡಿನಲ್ಲಿ ಜೀವಮಾನವೆಲ್ಲ ಹಿಟ್ಟಿನ ಗಿರಣಿ ನಡೆಸಿದವನು. ಇಲ್ಲಿ ನಗುತ್ತಿದ್ದವರೆಲ್ಲ ತಿಂದದ್ದು ಅವನು ಬೀಸಿದ ಜೋಳದ ರೊಟ್ಟಿಯನ್ನೇ. ಅದೊಂದೂ ನೆನಪಿಲ್ಲ ಈ ಜನಕ್ಕೆ, ಸಾವಿನ ದಿನವೂ ಬಾಯಲ್ಲಿ ಹತ್ತು ವರ್ಷದ ಹಿಂದಿನ ಆ ಹಾಳು ಸಿನಿಮಾನೇ! ಚನ್ನವೀರಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಮುಂಜಾನೆಯಿಂದ ಒಂದು ಹನಿ ಕಣ್ಣೀರಿಲ್ಲ, ಅತ್ತು ಹಗುರಾಗು ಅಂತ ನಾದಿನಿ ಗುರುಬಸಮ್ಮ ಬೇಡಿಕೊಂಡಳು.

“ಈ ನಗೋರ ಮುಂದ ನಾ ಅಳಂಗಿಲ್ಲ,” ಅಂದಳು ಚನ್ನವೀರಮ್ಮ.

*

ಎಪ್ಪತ್ತಾರನೇ ಇಸವಿಯ ಬೇಸಿಗೆಯಲ್ಲಿ ಯಾವುದೋ ಊರಿನ ಸಿನಿಮಾದವರು ಬಾಡಿಗೆ ವ್ಯಾನಿನಲ್ಲಿ ಬಂದಿಳಿದಿದ್ದರು. ಕರಿ ಕಂಬಳಿ ಹೊದ್ದ ಕೊಲೆಗಾರನೊಬ್ಬ ಸಣ್ಣ ಊರಿನಲ್ಲಿ ಒಬ್ಬೊಬ್ಬರನ್ನೇ ಕೊಚ್ಚಿ ಹಾಕುವ ಕತೆ. ಕೈಯಲ್ಲಿ ಕಾಸಿಲ್ಲದ ಪಡಪೋಶಿಗಳು. ರಕ್ತಕ್ಕೆ ಕುಂಕುಮದ ನೀರು, ಹೆಣಗಳಿಗೆ ಊರವರೇ. ಗವಿಸಿದ್ದಪ್ಪ ಮೊದಲನೇ ಹೆಣ. ರೀಲು ಮುಗಿಯುತ್ತ ಬಂದಿದೆ, ಇನ್ನೊಮ್ಮೆ ತೆಗೆಯಲಾಗದು, ಒಂದು ಗಳಿಗೆ ಉಸಿರು ಹಿಡಿ ಮಾರಾಯ ಅಂತ ಡೈರೆಕ್ಟರು ಕೈಮುಗಿದಿದ್ದ.

ಅದೇ ಹೊತ್ತಿಗೆ ಚನ್ನವೀರಮ್ಮ ಬುತ್ತಿ ತಂದಳು. ಗಿರಣಿ ಬಾಗಿಲಲ್ಲಿ ಗಂಡ ಕೆಂಪಾಗಿ ಬಿದ್ದಿದ್ದ. ಸಿನಿಮಾ ಅಂತ ಗೊತ್ತಿದ್ದೂ ತಡೆಯಲಾರದೆ ಬಾಯಿಬಿಟ್ಟು ಅತ್ತಳು. ಆಗ ಹೆಣದ ಎದೆ ಮೆಲ್ಲಗೆ ಏರಿ ಇಳಿಯಿತು.

ಸಿರುಗುಪ್ಪದ ಟೆಂಟಿಗೆ ಆ ಸಿನಿಮಾ ಬಂದಾಗ ಊರಿಗೆ ಊರೇ ಟ್ರ್ಯಾಕ್ಟರು ಹತ್ತಿತು. ಕೊಲೆಗಾರನಿಗೆ ಒಬ್ಬರೂ ಹೆದರಲಿಲ್ಲ. ಉಸಿರಾಡುವ ಹೆಣ ನೋಡಿ ಬಿದ್ದು ಬಿದ್ದು ನಕ್ಕರು. ಅಂದಿನಿಂದ ಅವನಿಗೆ ಅದೇ ಹೆಸರು ಅಂಟಿತು. ಇಷ್ಟೂ ಆಗಲಿಲ್ಲವೇ ನಿಮ್ಮ ಕೈಲಿ ಅಂತ ಅವಳು ಮನೆಗೆ ಬಂದು ರೇಗಿದಾಗ ಅವನು ತಲೆ ತಗ್ಗಿಸಿ ಹೇಳಿದ್ದ:

“ನೀ ಅಳಾಕತ್ತಿದ್ದಿ. ಬದುಕೀನಿ ಅಂತ ಮತ್ತ ಹೆಂಗ ಹೇಳ್ಲಿ?”

ಅದನ್ನೇ ಊರವರಿಗೂ ಹೇಳಿ ಅಂದರೆ, ಇನ್ನಷ್ಟು ನಗ್ತಾರೆ ಬಿಡು ಅಂದಿದ್ದ.

*

ಹೊಲದ ಕುಣಿಯಲ್ಲಿ ಗವಿಸಿದ್ದಪ್ಪನನ್ನು ಕೂಡಿಸಿ, ಸುತ್ತ ವಿಭೂತಿ ಗಟ್ಟಿ ಇಟ್ಟು, ಎದೆಯ ಮೇಲೆ ಬಿಲ್ವಪತ್ರೆ ಏರಿಸಿದರು. ಈಗ ನೋಡ್ರಿ ಬರೋಬ್ಬರಿ ಉಸಿರು ಹಿಡಿದಾನ ಅಂತ ದೊಡ್ಡಬಸಪ್ಪ ಮತ್ತೆ ಶುರು ಮಾಡಿದ.

ಮಣ್ಣೆಳೆಯಲು ಬಗ್ಗಿದವರನ್ನು ಚನ್ನವೀರಮ್ಮ ತಡೆದಳು. ಕುಣಿಯ ಅಂಚಿನಲ್ಲಿ ಕುಸಿದು ಕೂತು, ಅಂದಿನ ಹಾಗೆಯೇ ಬಾಯಿಬಿಟ್ಟು ಅತ್ತಳು.

“ಅಳಾಕತ್ತೀನಿ. ಇಲ್ಲಿ ನೋಡ್ರಿ,” ಅಂದಳು ಗಂಡನಿಗೆ.

ಯಾರೂ ನಗಲಿಲ್ಲ. ದೊಡ್ಡಬಸಪ್ಪನೂ ಬಗ್ಗಿ ಕುಣಿಯೊಳಗೆ ನೋಡಿದ. ಎದೆಯ ಮೇಲಿನ ಬಿಲ್ವಪತ್ರೆ ಅಲುಗಲಿಲ್ಲ.