ಕೂತು ಉಣ್ಣುವ ಅರ್ಧ ಗಂಟೆ

ಆಸ್ಪತ್ರೆಯ ಬೆಡ್‌ಶೀಟನ್ನು ಒಬ್ಬರೇ ಮಡಚಲು ಆಗುವುದಿಲ್ಲ. ಮನೆಯದಾದರೆ ಗದ್ದಕ್ಕೆ ಒತ್ತಿಕೊಂಡು ಹೇಗೋ ಮಡಚಬಹುದು. ಇದಕ್ಕೆ ಎರಡು ಜೊತೆ ಕೈ ಬೇಕು. ನೆಲಕ್ಕೆ ತಾಗಿತೋ, ಮತ್ತೆ ಒಗೆಯುವುದಕ್ಕೇ ಹೋಗಬೇಕು. ನಾನೂ ನನ್ನ ನಾದಿನಿಯೂ ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ವರ್ಷಗಟ್ಟಲೆ ಎದುರುಬದುರು ನಿಂತು ಮಡಚಿದವರು. ಸುಕ್ಕು ತೆಗೆಯುವ ಯಂತ್ರದ ಬಿಸಿ ರೋಲರಿನಿಂದ ಬಟ್ಟೆ ಹೊರಗೆ ಬರುತ್ತಿದ್ದ ಹಾಗೆ ಎರಡು ತುದಿ ನಾನು ಹಿಡಿಯುತ್ತಿದ್ದೆ, ಎರಡು ತುದಿ ಅವಳು. ಜಗ್ಗಿ, ಅರ್ಧ ಮಾಡಿ, ಇಬ್ಬರೂ ಮುಂದಕ್ಕೆ ನಡೆದು ಬಂದರೆ ನನ್ನ ಕೈಯ ತುದಿ ಅವಳ ಕೈಗೆ ಸೇರುತ್ತಿತ್ತು. ಹತ್ತಿರ ಬಂದಾಗ ಒಂದು ಮಾತು, ದೂರ ಸರಿದಾಗ ಅದಕ್ಕೆ ಉತ್ತರ ಹುಡುಕುವುದು. ನಮ್ಮ ಮನೆಯ ಸುದ್ದಿಯೆಲ್ಲ ಹಾಗೆ ತುಂಡುತುಂಡಾಗಿ ಹೇಳಿಕೊಂಡದ್ದೇ.

ಅವಳು ಮಾತಿನಲ್ಲಿ ಚುರುಕು. ನನಗೆ ಬಾಯಿ ಕಡಿಮೆ.

"ಅತ್ತಿಗೆ, ನೀವು ಹೀಗೇ ಸುಮ್ನಿದ್ರೆ ಒಂದಿನ ಬೆಡ್‌ಶೀಟು ಅಂದ್ಕೊಂಡು ನಿಮ್ಮನ್ನೂ ಮಡಚಿ ಇಟ್ಟುಬಿಡ್ತೀನಿ" ಎನ್ನುತ್ತಿದ್ದಳು.

ಕೆಲಸದ ನಡುವೆ ಅರ್ಧ ಗಂಟೆ ಬಿಡುವು ಕೊಡಬೇಕು ಎಂಬ ಕಾನೂನು ನಮಗೂ ಇತ್ತು. ಅದನ್ನು ಬರೆಸಿ, ಗಾಜು ಹಾಕಿಸಿ, ಬಾಗಿಲ ಪಕ್ಕದಲ್ಲಿ ತೂಗುಹಾಕಿದ್ದರು. ಆ ಅರ್ಧ ಗಂಟೆಯನ್ನು ಯಾರೂ ನಮ್ಮಿಂದ ಕಿತ್ತುಕೊಂಡಿರಲಿಲ್ಲ. ನಾವೇ ಬಿಟ್ಟುಕೊಟ್ಟಿದ್ದೆವು. ಬಿಡುವು ಬೇಡ, ಅದರ ಬದಲು ಸಂಜೆ ಅರ್ಧ ಗಂಟೆ ಮುಂಚೆ ಬಿಡಿ ಎಂದು ಕೇಳಿದ್ದೆವು. ಅಲ್ಲಿದ್ದವರೆಲ್ಲ ಹೆಂಗಸರು. ಶಾಲೆ ಬಿಡುವ ಹೊತ್ತಿಗೆ ಗೇಟಿನ ಮುಂದೆ ನಿಂತಿರಬೇಕಾದವರು. ನನ್ನ ಸೊಸೆಯೂ ಅಲ್ಲೇ ಇಸ್ತ್ರಿ ಮೇಜಿನಲ್ಲಿ ಕೆಲಸ ಮಾಡುತ್ತಿದ್ದಳು. ಮೊಮ್ಮಗಳು ಪುಟ್ಟಿ ಆಗಷ್ಟೇ ಶಾಲೆಗೆ ಸೇರಿದ್ದಳು. ಹಾಗಾಗಿ ಆ ಏರ್ಪಾಡು ನಮ್ಮ ಮನೆಯನ್ನೂ ನಡೆಸುತ್ತಿತ್ತು.

ಆಮೇಲೆ ನಾದಿನಿಗೆ ಸಕ್ಕರೆ ಕಾಯಿಲೆ ಬಂತು. ಮಾತ್ರೆ ನುಂಗಿದ ಮೇಲೆ ಹೊತ್ತಿಗೆ ಸರಿಯಾಗಿ ಉಣ್ಣಲೇಬೇಕು, ತಪ್ಪಿಸಿದರೆ ಎಲ್ಲಾದರೂ ಬಿದ್ದುಹೋಗುತ್ತೀಯ ಎಂದು ಡಾಕ್ಟರು ಹೆದರಿಸಿ ಕಳಿಸಿದ್ದರು. ಮಧ್ಯಾಹ್ನವಾಯಿತೆಂದರೆ ಅವಳು ಹಿಡಿದ ತುದಿ ನಡುಗಲು ಶುರುವಾಗುತ್ತಿತ್ತು. ನೋಡುವವರಿಗೆ ಕಾಣದು. ಆ ನಡುಕ ಬಟ್ಟೆಯುದ್ದಕ್ಕೂ ಹರಿದು ಬಂದು ನನ್ನ ಬೆರಳಿಗೆ ಮುಟ್ಟುತ್ತಿತ್ತು.

ಮೊದಮೊದಲು ಏಪ್ರನ್ನಿನ ಜೇಬಿನಲ್ಲಿ ಬಿಸ್ಕತ್ತು ಇಟ್ಟುಕೊಂಡು ಕದ್ದು ತಿನ್ನುತ್ತಿದ್ದಳು. ಒಂದು ದಿನ ಅದರ ಪುಡಿ ಮಡಿಕೆಯೊಳಗೆ ಸೇರಿ ಆಸ್ಪತ್ರೆಗೆ ಹೋಯಿತು. ಅಲ್ಲಿಂದ ದೂರು ಬಂತು. ಮಾರನೆಯ ದಿನ ಎಲ್ಲರ ಏಪ್ರನ್ನಿನ ಜೇಬನ್ನೂ ಹೊಲಿಸಿ ಮುಚ್ಚಿಬಿಟ್ಟರು. ಕರವಸ್ತ್ರ ಇಟ್ಟುಕೊಳ್ಳಲೂ ಜಾಗವಿಲ್ಲದಂತಾದಾಗ ಎಲ್ಲರೂ ಬೈದದ್ದು ನಾದಿನಿಯನ್ನೇ.

ಕೊನೆಗೆ ಅವಳು ಸೂಪರ್‌ವೈಸರನ್ನೇ ಕೇಳಿದಳು. ಗಳಿಗೆಗೊಮ್ಮೆ ಕೈಗಡಿಯಾರ ನೋಡುತ್ತಿದ್ದ ಅವನಿಗೆ ನಾವು ಹಿಂದಿನಿಂದ ಗಂಟೆಯಪ್ಪ ಎನ್ನುತ್ತಿದ್ದೆವು. ಅವನು ಸಿಟ್ಟಾಗಲಿಲ್ಲ, ಗದರಿಸಲೂ ಇಲ್ಲ.

"ನನ್ನದೇನು ಅಭ್ಯಂತರ ಇಲ್ಲಮ್ಮ. ಆದ್ರೆ ಒಬ್ಬರಿಗೊಂದು ನಿಯಮ, ಇನ್ನೊಬ್ಬರಿಗೊಂದು ಅಂತ ಮಾಡಕ್ಕಾಗಲ್ಲ. ನಿಮಗೆ ಬಿಡುವು ಬೇಕಂದ್ರೆ ಎಲ್ಲರಿಗೂ ಬಿಡುವು. ಎಲ್ಲರೂ ಪೂರ್ತಿ ಹೊತ್ತು ಕೆಲಸ ಮಾಡಿ ಹೋಗೋದು. ನಿಮ್ಮವರನ್ನೇ ಕೇಳಿ ನೋಡಿ."

ಬಟ್ಟೆ ಬದಲಿಸುವ ಕೋಣೆಯಲ್ಲಿ ಅವಳು ಬಾಯಿ ತೆರೆಯುವ ಮೊದಲೇ ಸುದ್ದಿ ಬಂದು ಕೂತಿತ್ತು.

"ಎಲ್ಲರ ಮಕ್ಕಳನ್ನೂ ಬೀದೀಲಿ ನಿಲ್ಲಿಸಿ ಊಟ ಮಾಡ್ತೀಯಾ?" ಎಂದಳು ಇಸ್ತ್ರಿಯಕ್ಕ. ಇಸ್ತ್ರಿ ಮೇಜಿನವರಲ್ಲೆಲ್ಲ ಹಿರಿಯಳು ಅವಳು.

"ಮಕ್ಕಳಿಲ್ಲದವರಿಗೆ ಅದೆಲ್ಲ ಎಲ್ಲಿ ಗೊತ್ತಾಗುತ್ತೆ ಬಿಡಿ" ಎಂದಿತು ಹಿಂದಿನಿಂದ ಒಂದು ದನಿ.

ನಾದಿನಿಗೆ ಮಕ್ಕಳಿರಲಿಲ್ಲ. ನನ್ನ ಮಗನನ್ನು ಅರ್ಧ ಸಾಕಿದವಳು ಅವಳೇ. ಆ ದನಿ ಯಾರದೆಂದು ನಾನು ತಿರುಗಿ ನೋಡಲಿಲ್ಲ. ನೋಡಿದರೆ ನನ್ನ ಸೊಸೆಯೇ ಆಗಿದ್ದರೆ ಎಂದು ಹೆದರಿಕೆ.

"ಬಿಡ್ರೇ, ಬಿಡ್ರೇ. ಬಿದ್ದರೆ ಬೆಡ್‌ಶೀಟಿನ ರಾಶಿ ಮೇಲೇ ಬೀಳ್ತೀನಿ. ಎತ್ತೋದೂ ಬೇಡ, ಹಾಗೇ ಆಸ್ಪತ್ರೆಗೆ ಕಳಿಸಿಬಿಡಿ" ಎಂದು ನಾದಿನಿ ನಕ್ಕಳು. ಬೇರೆ ಯಾರೂ ನಗಲಿಲ್ಲ.

ಅದಾಗಿ ಕೆಲವು ದಿನಕ್ಕೆ ಕಾರ್ಮಿಕ ಇಲಾಖೆಯಿಂದ ಒಬ್ಬ ಅಧಿಕಾರಿ ಬಂದಳು. ಚಿಕ್ಕ ವಯಸ್ಸು, ನಿಧಾನವಾಗಿ ಮಾತಾಡುವ ಹೆಣ್ಣುಮಗಳು. ಬಿಡುವು ಸಿಗುತ್ತದೆಯೇ ಎಂದು ಕೇಳಿದರೆ ಹೌದು ಎನ್ನಬೇಕು ಎಂದು ಗಂಟೆಯಪ್ಪ ಮೊದಲೇ ಹೇಳಿಟ್ಟಿದ್ದ. ಅವನು ಹೇಳದಿದ್ದರೂ ನಾವು ಹಾಗೇ ಹೇಳುತ್ತಿದ್ದೆವು.

"ಬಿಡುವು ಸಿಗುತ್ತಾ ನಿಮಗೆ?"

"ಸಿಗುತ್ತೆ ಮೇಡಂ" ಎಂದರು ಎಲ್ಲರೂ ಒಟ್ಟಿಗೆ.

"ಆವಾಗ ಏನ್ಮಾಡ್ತೀರ?"

ಅದಕ್ಕೆ ಉತ್ತರವನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಮೊದಲು ಇಸ್ತ್ರಿಯಕ್ಕ ಹೇಳಿದಳು: "ನಾನು ಗೋಡೆಗೆ ಕಾಲು ಎತ್ತಿಟ್ಟು ಮಲಗ್ತೀನಿ ಮೇಡಂ. ಪಾದದ ಊತ ಇಳಿಯುತ್ತೆ." ಒಗೆಯುವ ಕೋಣೆಯವಳು ಹೊರಗೆ ಹೋಗಿ ಒಣಗಾಳಿಯಲ್ಲಿ ನಿಲ್ಲುತ್ತೇನೆ ಎಂದಳು. ನನ್ನ ಸೊಸೆ ತಲೆ ತಗ್ಗಿಸಿ, "ನಮ್ಮಮ್ಮಂಗೆ ಫೋನ್ ಮಾಡ್ತೀನಿ" ಎಂದಳು. ಅವಳಿಗೆ ತಾಯಿಯ ಹಂಬಲ ಅಷ್ಟಿದೆ ಎಂದು ಒಂದೇ ಮನೆಯಲ್ಲಿದ್ದೂ ನನಗೆ ತಿಳಿದಿರಲಿಲ್ಲ.

ನಾದಿನಿಯ ಸರದಿ ಬಂತು.

"ಕೂತು ಉಣ್ತೀನಿ ಮೇಡಂ. ಕೈ ತೊಳ್ಕೊಂಡು, ಡಬ್ಬಿ ಮುಚ್ಚಳ ತೆಗೆದು ಪಕ್ಕದಲ್ಲಿಟ್ಟು, ನಿಧಾನವಾಗಿ. ಉಂಡಮೇಲೆ ಒಂಚೂರು ಗೋಡೆಗೆ ಒರಗಿ ಕಣ್ಮುಚ್ತೀನಿ."

"ಹೌದು ಮೇಡಂ, ಒರಗ್ತಾರೆ" ಎಂದ ಗಂಟೆಯಪ್ಪ. ಆ ಹುಡುಗಿ ಸಂತೋಷದಿಂದ ಬರೆದುಕೊಂಡು ಹೊರಟುಹೋದಳು.

ಅವಳ ಕಾರು ಗೇಟು ದಾಟಿತು. ರೋಲರ್ ಮತ್ತೆ ತಿರುಗಿತು. ಸ್ವಲ್ಪ ಹೊತ್ತಿಗೆ ನನ್ನ ಬೆರಳಿಗೆ ಆ ನಡುಕ ಬಂತು. ಹಿಡಿದಿದ್ದ ಬಟ್ಟೆಯನ್ನು ಮಡಚಿ ಮುಗಿಸಿ ನಾದಿನಿ ಕೈ ತೊಳೆದು ಬಂದಳು. ಖಾಲಿ ತಳ್ಳುಗಾಡಿಗಳ ಪಕ್ಕ ನೆಲದ ಮೇಲೆ ಕೂತು ಡಬ್ಬಿ ತೆರೆದಳು. ಮುಚ್ಚಳ ಪಕ್ಕದಲ್ಲಿಟ್ಟಳು.

"ಏನಮ್ಮ ಇದು?" ಎಂದು ಗಂಟೆಯಪ್ಪ ಓಡಿಬಂದ.

"ಬಿಡುವು. ಮೇಡಂಗೆ ಹೇಳಿದ್ನಲ್ಲ? ನೀವೂ ಹೌದು ಅಂದ್ರಲ್ಲ? ನಾವಿಬ್ಬರೂ ಸುಳ್ಳರಾಗೋದು ಬೇಡ ಅಂತ ಕೂತೆ."

ಅವನು ಕೈಗಡಿಯಾರ ನೋಡಿಕೊಂಡ. ನಮ್ಮ ಕಡೆ ತಿರುಗಿ, "ಸರಿ. ಈ ರಾಶಿ ಮುಗಿಯೋವರೆಗೂ ಯಾರೂ ಗೇಟು ದಾಟೋ ಹಾಗಿಲ್ಲ" ಎಂದು ಹೊರಟುಹೋದ.

ನಾನು ಬರಿಗೈಯಲ್ಲಿ ನಿಂತಿದ್ದೆ. ಸೊಸೆ ಇಸ್ತ್ರಿ ಮೇಜು ಬಿಟ್ಟು ಬಂದು ನಾದಿನಿಯ ಜಾಗದಲ್ಲಿ ನಿಂತು ತುದಿ ಎಳೆದುಕೊಂಡಳು. "ಬನ್ನಿ ಅತ್ತೆ, ಬೇಗ ಬೇಗ. ಪುಟ್ಟಿ ಕಾಯ್ತಾಳೆ."

ಮಡಚಿದೆ. ನಾದಿನಿ ಉಂಡು, ಒರಗಿ, ಎದ್ದು ಬಂದಳು. ಆ ದಿನವೂ ನಾವು ಅರ್ಧ ಗಂಟೆ ಮುಂಚೆಯೇ ಹೊರಟೆವು.

ಹೀಗೆ ಒಂದು ದಾರಿ ಸಿಕ್ಕಿತು ಎಂದುಕೊಂಡೆ. ಅವಳು ಉಣ್ಣುವಷ್ಟು ಹೊತ್ತು ಒಬ್ಬೊಬ್ಬರು ಬಂದು ನನ್ನೆದುರು ನಿಲ್ಲುವುದು, ಅವಳ ಪಾಲನ್ನು ಎಳೆದು ಮುಗಿಸುವುದು. ಮೊದಲ ದಿನಗಳಲ್ಲಿ ಯಾರೂ ಏನೂ ಅನ್ನಲಿಲ್ಲ. ಆಮೇಲೆ ಒಬ್ಬಳಿಗೆ ಸೊಂಟ ನೋವು, ಇನ್ನೊಬ್ಬಳಿಗೆ ತನ್ನ ಕೆಲಸವೇ ಬೆಟ್ಟದಷ್ಟು.

"ಇವತ್ತೇನು, ಮದುವೆ ಊಟಾನಾ? ಇನ್ನೂ ಮುಗಿದೇ ಇಲ್ಲ" ಎಂದು ಇಸ್ತ್ರಿಯಕ್ಕ ಅವಳಿಗೆ ಕೇಳಿಸುವ ಹಾಗೆ ಅಂದಳು.

ನಾದಿನಿ ಗೋಡೆಗೆ ಒರಗುವುದನ್ನು ಬಿಟ್ಟಳು. ಆಮೇಲೆ ಬೇಗಬೇಗ ನುಂಗತೊಡಗಿದಳು. ಆಮೇಲೆ ನಿಂತುಕೊಂಡೇ ಎರಡು ತುತ್ತು. ಕಾನೂನು ಕೊಟ್ಟದ್ದು ನಮ್ಮ ಕೈಗೆ ಬಂದು ದಯೆಯಾಗಿಬಿಟ್ಟಿತ್ತು. ದಯೆಯನ್ನು ದಿನಾ ಬೇಡಲು ಯಾರಿಗೆ ಮನಸ್ಸು ಬರುತ್ತದೆ? ಒಂದು ಮಧ್ಯಾಹ್ನ ಅವಳು ಡಬ್ಬಿಯನ್ನು ಮುಟ್ಟಲೇ ಇಲ್ಲ.

"ಹೋಗೇ, ಉಂಡು ಬಾ" ಎಂದೆ, ಮಡಚುತ್ತ ಹತ್ತಿರ ಬಂದಾಗ.

ದೂರ ಸರಿದು, ಮತ್ತೆ ಹತ್ತಿರ ಬಂದು, "ಹಸಿವಿಲ್ಲ ಅತ್ತಿಗೆ" ಎಂದಳು. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ತುಟಿ ಬಿಳಿಚಿಕೊಂಡಿತ್ತು. ಮುಂದಿನ ಬಟ್ಟೆಯ ನಡುಕ ನನ್ನ ಬೆರಳಿಗಷ್ಟೇ ಬರಲಿಲ್ಲ. ನಡುವೆ ಬಟ್ಟೆಯೇ ಅಲುಗುವುದು ಕಣ್ಣಿಗೆ ಕಂಡಿತು.

ನನ್ನ ಕೈಯ ತುದಿ ಬಿಟ್ಟುಬಿಟ್ಟೆ. ಒಗೆದ ಬಟ್ಟೆ ನೆಲಕ್ಕೆ ಬಿತ್ತು. ಅಷ್ಟು ವರ್ಷದಲ್ಲಿ ನಾನು ಬೀಳಿಸಿದ ಮೊದಲ ಬಟ್ಟೆ ಅದು. ಅವಳ ರಟ್ಟೆ ಹಿಡಿದು ತಳ್ಳುಗಾಡಿಯ ಪಕ್ಕ ಕೂರಿಸಿ, ಡಬ್ಬಿ ತೆರೆದು ಮುಂದಿಟ್ಟೆ. ನನ್ನ ಡಬ್ಬಿಯನ್ನೂ ತಂದು ಅವಳ ಪಕ್ಕದಲ್ಲೇ ಕೂತೆ.

ರೋಲರಿನಿಂದ ಬಟ್ಟೆ ಬಂದು ಬಂದು ನೆಲದ ಮೇಲೆ ಗುಡ್ಡೆ ಬೀಳತೊಡಗಿತು. ಯಾರೋ ಕೂಗಿದರು. ಯಂತ್ರ ನಿಲ್ಲಿಸಿದರು.

ಸೊಸೆ ಬಂದು ಮುಂದೆ ನಿಂತಳು. "ಅತ್ತೆ, ಏಳಿ. ನಿಮ್ಮ ಕಾಲಿಗೆ ಬೀಳ್ತೀನಿ, ಏಳಿ. ಶಾಲೆಯವರು ಗೇಟು ಹಾಕ್ಕೊಂಡು ಹೋಗ್ತಾರೆ. ಮಗು ಒಂದೇ ನಿಂತಿರುತ್ತೆ."

"ಗೊತ್ತು ಕಣಮ್ಮ" ಎಂದೆ.

"ಅತ್ತಿಗೆ, ನೀವು ಏಳಿ. ನಾನು ಉಣ್ತೀನಿ" ಎಂದಳು ನಾದಿನಿ.

"ನಾನೆದ್ದರೆ ನೀನೂ ಏಳ್ತೀಯ. ಬಾಯಿ ಮುಚ್ಚಿ ತಿನ್ನು" ಎಂದೆ.

"ಬಾಯಿ ಮುಚ್ಚಿ ಹೇಗೆ ತಿನ್ಲಿ?" ಎಂದಳು. ಕಣ್ಣಲ್ಲಿ ನೀರಿತ್ತು. ನಿಧಾನವಾಗಿ ಅಗಿಯತೊಡಗಿದಳು.

ಗಂಟೆಯಪ್ಪ ಆ ಸಂಜೆ ಪೂರ್ತಿ ಹೊತ್ತು ಮುಗಿಯುವವರೆಗೆ ಗೇಟು ತೆಗೆಯಲಿಲ್ಲ. ತೆಗೆದ ಕೂಡಲೇ ಹೆಂಗಸರೆಲ್ಲ ಓಡಿದರು. ನಾನು ಶಾಲೆ ಮುಟ್ಟುವಷ್ಟರಲ್ಲಿ ಸೊಸೆ ಪುಟ್ಟಿಯನ್ನು ಎತ್ತಿಕೊಂಡು ನಿಂತಿದ್ದಳು. ಮುಚ್ಚಿದ ಗೇಟಿಗೆ ಆತುಕೊಂಡು ಕೂತಿತ್ತಂತೆ ಮಗು, ಚೀಲವನ್ನು ತಬ್ಬಿಕೊಂಡು. ಅದು ಅಳುತ್ತಿರಲಿಲ್ಲ. ನನ್ನನ್ನು ನೋಡಿ ಅಮ್ಮನ ಹೆಗಲಲ್ಲಿ ಮುಖ ಹುದುಗಿಸಿಕೊಂಡಿತು. ಸೊಸೆ ನನ್ನನ್ನು ಬಿಟ್ಟು ಮುಂದೆ ಮುಂದೆ ನಡೆದಳು. ಆ ರಾತ್ರಿ ನನಗೆ ಬಡಿಸಿದವನು ನನ್ನ ಮಗ.

ಮಾರನೆಯ ದಿನ ನಡುಕ ಬರಲಿ ಎಂದು ನಾನು ಕಾಯಲಿಲ್ಲ. ಹಿಡಿದ ಬಟ್ಟೆಯನ್ನು ಪೂರ್ತಿ ಮಡಚಿ, ಅಟ್ಟಿಯ ಮೇಲೆ ಇಟ್ಟು, ಹೋಗಿ ಕೂತೆ. ನಾದಿನಿ ನನ್ನ ಮುಖ ನೋಡಿ, ಬಂದು ಪಕ್ಕದಲ್ಲಿ ಕೂತಳು. ಯಂತ್ರ ನಿಂತಿತು. ಸ್ವಲ್ಪ ಹೊತ್ತಿಗೆ ಇಸ್ತ್ರಿಯಕ್ಕ ಗೊಣಗುತ್ತ ಬಂದು, ಚಪ್ಪಲಿ ಬಿಟ್ಟು, ಊದಿದ ಕಾಲನ್ನು ಗೋಡೆಗೆ ಎತ್ತಿಟ್ಟುಕೊಂಡಳು. ನಮ್ಮ ಕಡೆ ನೋಡಲಿಲ್ಲ.

ನನ್ನ ಸೊಸೆ ಕೂರಲಿಲ್ಲ. ಆ ಅರ್ಧ ಗಂಟೆಯೂ ಗೋಡೆಯ ಗಡಿಯಾರದ ಕೆಳಗೆ, ನಮಗೆ ಬೆನ್ನು ಮಾಡಿ ನಿಂತೇ ಇದ್ದಳು. ಕೈಯಲ್ಲಿ ಫೋನಿತ್ತು. ಅವಳು ತನ್ನ ತಾಯಿಗೂ ಮಾಡಲಿಲ್ಲ.